ಸೆಲ್ಲಾರಿನಿಂದ ಮೇಲೇರಬೇಕಾದ ಸಮುದ್ರ

ನನ್ನ ಕೈಗೆ ಬಂದ ವಸ್ತು ಸೋರದೆ ಉಳಿದದ್ದು ಕಡಿಮೆ. ಪೆನ್ನು ಸೋರಿದೆ, ಕೊಡೆ ಸೋರಿದೆ, ಧಾರವಾಡದಲ್ಲಿ ಹಿಡಿದ ಬಾಡಿಗೆ ಮನೆಗಳೆಲ್ಲ ಸೋರಿವೆ. ಸಮುದ್ರವೇ ಸೋರಿದ್ದು ಮಾತ್ರ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ.

ಬ್ಯಾಂಕಿನವರಲ್ಲಿ ಒಂದು ಪದ್ಧತಿ ಇದೆ. ವರ್ಗವಾಗಿ ಹೋಗುವವರು ಲಾರಿ ಹತ್ತದ ಸಾಮಾನನ್ನು ಬರುವವರಿಗೆ ಬಿಟ್ಟು ಹೋಗುತ್ತಾರೆ. ಒಬ್ಬರು ಪರದೆಯ ಕಂಬಿ ಬಿಟ್ಟರೆ ಇನ್ನೊಬ್ಬರು ತುಳಸಿ ಕುಂಡ. ನನಗಿಂತ ಮೊದಲು ಆ ಮನೆಯಲ್ಲಿದ್ದ ಅಧಿಕಾರಿ ಬಿಟ್ಟದ್ದು ಹವಳದ ತೊಟ್ಟಿ. ಮೊದಲ ಮಹಡಿಯ ಹಾಲಿನಲ್ಲಿ ಆಳುದ್ದದ ಗಾಜಿನ ಪೆಟ್ಟಿಗೆ, ಒಳಗೆ ಉಪ್ಪುನೀರು, ಜೀವಂತ ಹವಳ, ಕಿತ್ತಳೆ ಬಣ್ಣದ ಎರಡು ಮೀನು. ಆ ನೀರು ಪೈಪಿನಲ್ಲಿ, ನೆಲದಡಿ ಗಾಡಿ ನಿಲ್ಲಿಸುವ ಸೆಲ್ಲಾರಿಗೆ ಇಳಿದು, ಅಲ್ಲಿನ ಇನ್ನೊಂದು ತೊಟ್ಟಿಯಲ್ಲಿ ಶುದ್ಧವಾಗಿ, ಪಂಪಿನ ಬಲದಿಂದ ಮತ್ತೆ ಮೇಲೆ ಬರಬೇಕು. ಪಂಪು ಕೆಟ್ಟಿತ್ತು. "ಒಂದು ಒಳ್ಳೆ ಪಂಪು ಹಾಕಿಸಿಬಿಡಿ, ಅಷ್ಟೇ" ಎಂದು ಹೇಳಿ ಅವರು ರೈಲು ಹತ್ತಿದರು.

ಆ ಊರಿನಲ್ಲಿ ನನ್ನ ಹೆಂಡತಿಗೆ ಕನ್ನಡ ಮಾತಾಡಲು ಯಾರೂ ಸಿಕ್ಕಿರಲಿಲ್ಲ. ನಾನಿದ್ದೆ, ಆದರೆ ನಾನು ಕಿವಿಗೊಡುವುದಿಲ್ಲ ಎಂಬುದು ಅವಳ ಹಳೆಯ ದೂರು. ಮೀನುಗಳು ಕಿವಿಗೊಟ್ಟವು. ಅವಳು "ಬರ್ರಿ, ಉಣ್ಣಾಕ ಬರ್ರಿ" ಎಂದರೆ ಎರಡೂ ಗಾಜಿನ ಹತ್ತಿರ ಓಡಿ ಬರುತ್ತಿದ್ದವು. "ಇವು ಸತ್ತರ ನಾ ಧಾರವಾಡಕ್ಕ ಹೋಗಾಕಿ ನೋಡ್ರಿ" ಎಂದು ಅವಳು ಮೊದಲೇ ಹೇಳಿಬಿಟ್ಟಳು. ಸದ್ಯಕ್ಕೆ ಗುಳ್ಳೆ ಬಿಡುವ ಒಂದು ಸಣ್ಣ ಯಂತ್ರ ಅವುಗಳ ಉಸಿರು ಉಳಿಸಿತ್ತು. ನನ್ನ ಉಸಿರಿಗೆ ಅಂಥದ್ದೂ ಇರಲಿಲ್ಲ.

ಷರತ್ತುಗಳು ಅನ್ವಯ

ದ್ವಾರಕಾ ನಗರದ ಅಂಗಡಿಯಲ್ಲಿ ಡಬ್ಬಿಯ ಮೇಲೆ ದೊಡ್ಡ ಅಂಕಿ ಇದ್ದ ಪಂಪನ್ನೇ ಆರಿಸಿ ತಂದೆ. ಗಂಟೆಗೆ ಸಾವಿರಾರು ಲೀಟರ್ ಎತ್ತುತ್ತದೆ ಎಂದು ಬರೆದಿತ್ತು. ಸೆಲ್ಲಾರಿನಲ್ಲಿ ಹಾಕಿ ಸ್ವಿಚ್ ಒತ್ತಿ ಮೇಲೆ ಓಡಿದೆ. ಹನಿ ನೀರಿಲ್ಲ. ನೆಲಮಹಡಿಯಲ್ಲಿದ್ದ ಮನೆ ಮಾಲೀಕರು ತಮ್ಮ ಕಿಟಕಿಯ ಪಕ್ಕದ ಪೈಪಿಗೆ ಕಿವಿಯಿಟ್ಟು, "ಮೇನೇಜರ್ ಗಾರು, ನಿಮ್ಮ ಸಮುದ್ರ ನಮ್ಮ ಮನೆ ತನಕ ಬಂದು ನಿಂತಿದೆ" ಎಂದು ತೆಲುಗಿನಲ್ಲಿ ಕೂಗಿದರು.

ಅಂಗಡಿಯವನನ್ನು ಕೇಳಿದರೆ, ಅಂಕಿ ಸುಳ್ಳಲ್ಲ, ಆದರೆ ಅದು ನೀರನ್ನು ಎತ್ತರಕ್ಕೆ ಏರಿಸದೆ ಇದ್ದಾಗಿನ ಲೆಕ್ಕ ಎಂದ. ಎತ್ತರ ಏರಿದಂತೆ ನೀರು ಕಡಿಮೆಯಾಗುತ್ತಾ ಹೋಗಿ ಒಂದು ಕಡೆ ನಿಂತೇ ಬಿಡುತ್ತದಂತೆ. ಡಬ್ಬಿಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಜೀವಮಾನವೆಲ್ಲ ಗ್ರಾಹಕರಿಗೆ 'ಷರತ್ತುಗಳು ಅನ್ವಯ' ಎಂದು ಬೆರಳಿಟ್ಟು ತೋರಿಸಿದವನು ನಾನು. ಮನೆಗೆ ಬಂದು ಹೇಳಿದಾಗ ಹೆಂಡತಿ ಒಂದೇ ಮಾತು ಅಂದಳು: "ಆ ಗಿರಾಕಿಗಳ ಶಾಪ ರೀ."

ಮಾಲೀಕರ ಮೋಟಾರು

ಮಾಲೀಕರಿಗೆ ನನ್ನ ಮೇಲೆ ಕನಿಕರ ಬಂತು. ಅವರ ಹತ್ತಿರ ತಾರಸಿಯ ಟ್ಯಾಂಕಿಗೆ ನೀರು ಏರಿಸುತ್ತಿದ್ದ ಹಳೆಯ ಮೋಟಾರು ಇತ್ತು. "ತಾರಸಿಗೇ ಏರಿಸಿದ್ದು, ನಿಮ್ಮ ಮಹಡಿ ಯಾವ ಲೆಕ್ಕ?" ಎಂದರು. ನನಗೂ ಸರಿ ಎನಿಸಿತು. ಬೇಡ ಎನ್ನಬೇಕಿತ್ತು.

ಸ್ವಿಚ್ ಒತ್ತಿದ್ದೇ ತಡ, ತೊಟ್ಟಿಯ ಮರಳು ಎದ್ದು ನೀರು ಕದಡಿತು, ಮೀನುಗಳು ಮೂಲೆ ಹಿಡಿದವು, ಒಂದು ಬಸವನಹುಳು ಹಾರಿ ಸೋಫಾದ ಮೇಲೆ ಕೂತಿತು. "ಬಂದ್ ಮಾಡ್ರೀ!" ಎಂದು ಹೆಂಡತಿ ಕಿರುಚಿದಳು. ಬಂದ್ ಮಾಡಿದೆ. ಪೈಪಿನ ಬಾಯಿ ನೀರಿನ ಆಳದಲ್ಲಿತ್ತು, ಹಾಗಾಗಿ ಮೋಟಾರು ನಿಂತ ಕೂಡಲೇ ಮೇಲಿನ ನೀರೆಲ್ಲ ಬಂದ ದಾರಿಯಲ್ಲೇ ಕೆಳಗೆ ಹೊರಟಿತು. ಸೆಲ್ಲಾರಿನ ತೊಟ್ಟಿ ತುಂಬಿ ಹರಿದು ಮಾಲೀಕರ ಸ್ಕೂಟರಿಗೆ ಸಮುದ್ರಸ್ನಾನವಾಯಿತು. ಮೇಲೆ ಗೇಣುದ್ದ ನೀರಿನಲ್ಲಿ ಮೀನುಗಳು ಪಕ್ಕಕ್ಕೆ ವಾಲಿ ಈಜುತ್ತಿದ್ದವು, ಹೆಂಡತಿ ಗಾಜಿಗೆ ಕೈಯಿಟ್ಟು ನಿಂತಿದ್ದಳು. ಮೀನು ಬದುಕಿದವು. ನೇರಳೆ ಬಣ್ಣದ ಒಂದು ಹವಳ ಬಿಳುಚಿ ಸತ್ತಿತು.

ಹೋದ ನೀರು ತುಂಬಲು ಸಮುದ್ರದಂಡೆಯ ಭೀಮುನಿಪಟ್ಟಣಕ್ಕೆ ಕ್ಯಾನು ಹಿಡಿದು ಹೋದೆ. ದಡದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ ಕೇಳಿದ, "ಏನು ಬಾಬು, ಮನೆಯಲ್ಲಿ ಸಮುದ್ರ ಮುಗಿಯಿತಾ?"

"ಹೂಂ, ಸ್ಕೂಟರ್ ಕುಡಿಯಿತು" ಎಂದೆ.

ಗೋಡೆಯೊಳಗಿನ ಓಂಕಾರ

ಕೊನೆಗೆ ಎತ್ತರಕ್ಕೆಂದೇ ಮಾಡಿದ ಪಂಪು ತಂದೆ. ನೀರು ಸಲೀಸಾಗಿ ಏರಿತು. ಪೈಪಿನ ಬಾಯಿಯನ್ನೂ ನೀರಿನ ಮಟ್ಟಕ್ಕೆ ಎತ್ತಿಸಿದೆ. ಹವಳ ಅರಳಿತು, ಹೆಂಡತಿಯ ಮುಖವೂ ಅರಳಿತು.

ಕೆಲವು ದಿನ ಕಳೆದು ಮಾಲೀಕರು ಕೈಮುಗಿದುಕೊಂಡು ಮೇಲೆ ಬಂದರು. "ಮೇನೇಜರ್ ಗಾರು, ನಮ್ಮ ದೇವರ ಕೋಣೆಯ ಗೋಡೆಯಲ್ಲಿ ಓಂಕಾರ ಕೇಳುತ್ತಿದೆ!" ಹೋಗಿ ನೋಡಿದರೆ, ವಿಜಯವಾಡದಿಂದ ಬಂದ ಅವರ ಅಕ್ಕ ಗೋಡೆಗೆ ಕಿವಿಯಿಟ್ಟು ಕಣ್ಣೀರು ಸುರಿಸುತ್ತಿದ್ದರು. ನಮ್ಮ ಪೈಪು ಆ ಗೋಡೆಯ ಹಿಂದೆಯೇ ಹಾದುಹೋಗಿತ್ತು. "ಸುಮ್ಮನಿರ್ರಿ, ಪಾಪ, ಅವರಿಗೆ ಸಂತೋಷ ಆಗೇತಿ" ಎಂದು ಹೆಂಡತಿ ನನ್ನ ಅಂಗಿ ಜಗ್ಗಿದಳು. ಆದರೆ ತಪ್ಪು ಖಾತೆಗೆ ಜಮಾ ಆದದ್ದನ್ನು ಸರಿಮಾಡದೆ ನನಗೆ ಅನ್ನ ಇಳಿಯದು. ಅದು ಪಂಪಿನ ಸದ್ದು ಎಂದು ಹೇಳಿಯೇ ಬಿಟ್ಟೆ.

ಅಕ್ಕ ಗೋಡೆಯಿಂದ ಕಿವಿ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆ ಮುಖ ನೋಡಿ, ನಾಲಿಗೆ ಕಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಮಾಲೀಕರು ಹೇಳಿದರು: "ನೀವು ಹೇಳದೆ ಇದ್ದಿದ್ದರೆ ನಮಗೂ ಪುಣ್ಯ, ನಿಮ್ಮ ಮೀನಿಗೂ ಪುಣ್ಯ ಬರುತ್ತಿತ್ತು. ಈಗ ಆ ಗಲಾಟೆ ನಿಲ್ಲಿಸಿ."

ಮಾತಾಡದ ಪಂಪು

ಓಂಕಾರದ ಪಂಪನ್ನು ತೆಗೆದು ಸೆಲ್ಲಾರಿನ ಮೂಲೆಗಿಟ್ಟು, ಸದ್ದೇ ಮಾಡದ ಪಂಪನ್ನು ಹುಡುಕಿ ಹಾಕಿಸಿದೆ. ಎಲ್ಲ ಸರಿಹೋಯಿತು ಎನ್ನುವಾಗ ವಿಜಯವಾಡಕ್ಕೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವರು ಮನೆ ನೋಡಲು ಬೆಕ್ಕು ಎತ್ತಿಕೊಂಡು ಬಂದರು. ಬೆಕ್ಕು ತೊಟ್ಟಿಯನ್ನು ನೋಡಿದ ರೀತಿಗೆ ಹೆಂಡತಿ ಒಳಗೆ ಹೋಗಿ ಅತ್ತಳು. ಮಾಲೀಕರು, "ಎಲ್ಲರೂ ಮನೆ ಬಿಡುವಾಗ ಗೋಡೆಗೆ ಮೊಳೆ ಬಿಟ್ಟು ಹೋಗುತ್ತಾರೆ, ನೀವು ಸಮುದ್ರ ಬಿಟ್ಟು ಹೋಗುತ್ತೀರಿ" ಎಂದು ಗೊಣಗುತ್ತಲೇ ತೊಟ್ಟಿಯನ್ನು ತಮ್ಮ ಹಾಲಿಗೆ ಇಳಿಸಿಕೊಂಡರು.

ಈಗಿನ ನಮ್ಮ ಮನೆ ವಿಜಯವಾಡದಲ್ಲಿ, ಇಬ್ರಾಹಿಂಪಟ್ನಂ ದಾರಿಯಲ್ಲಿದೆ. ವಿಶಾಖಪಟ್ಟಣದಲ್ಲಿ ಕರೆಂಟು ಹೋದಾಗಲೆಲ್ಲ ಪಂಪು ನಿಂತಿತೆಂದು ಸೆಲ್ಲಾರಿಗೆ ಓಡುತ್ತಿದ್ದೆ. ಇಲ್ಲಿ ಕರೆಂಟು ಹುಟ್ಟುವುದೇ ಪಕ್ಕದ ವಿದ್ಯುತ್ ಸ್ಥಾವರದಲ್ಲಿ, ಓಡಿಸಲು ಪಂಪಿಲ್ಲ. ಮನೆಯಲ್ಲಿ ಮೌನ ಬೇಕೆಂದು ಊರೆಲ್ಲ ಅಲೆದವನಿಗೆ ಬೇಕಾದಷ್ಟು ಮೌನ ಸಿಕ್ಕಿದೆ.

ಮೊನ್ನೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಒಳಗೆ ನಮ್ಮ ಆ ಸದ್ದಿಲ್ಲದ ಪಂಪು. ಹೆಂಡತಿ ಅದನ್ನು ತಿರುಗಿಸಿ ನೋಡಿದಳು. "ಪಂಪು ವಾಪಸ್ ಬಂತಂದ್ರ ಮೀನು ಹೋದವು" ಎಂದಳು. ಕೂಡಲೇ ಮಾಲೀಕರಿಗೆ ಫೋನು ಹಚ್ಚಿದೆ.

"ಮೀನಿಗೇನಾಗಿದೆ? ಗುಂಡುಕಲ್ಲಿನ ಹಾಗಿವೆ!" ಎಂದು ಮಾಲೀಕರು ರೇಗಿದರು. "ನಿಮ್ಮ ಪಂಪು ಮಾತೇ ಆಡುವುದಿಲ್ಲವಲ್ಲ! ಇದೆಯೋ ಸತ್ತಿದೆಯೋ ನೋಡಲು ಪೂಜೆ ಬಿಟ್ಟು ಸೆಲ್ಲಾರಿಗೆ ಓಡಬೇಕು. ಮೂಲೆಯಲ್ಲಿದ್ದ ಹಳೆಯದನ್ನೇ ಹಾಕಿಸಿದೆ. ಗೋಡೆಯಲ್ಲಿ ಕೇಳುತ್ತಿರುತ್ತದೆ, ನಿಶ್ಚಿಂತೆ." ಆಮೇಲೆ ದನಿ ತಗ್ಗಿಸಿ, "ಅಮ್ಮಾವ್ರಿಗೆ ಫೋನು ಕೊಡಿ. ಇವು ನನ್ನ ತೆಲುಗಿಗೆ ಹತ್ತಿರವೇ ಬರುವುದಿಲ್ಲ. ಹೇಗೆ ಕರೆಯುತ್ತಿದ್ದರು?" ಎಂದರು.

"ಬರ್ರಿ, ಉಣ್ಣಾಕ ಬರ್ರಿ" ಎಂದಳು ಹೆಂಡತಿ.

ಆ ಕಡೆ ಮಾಲೀಕರು ತೊಟ್ಟಿಗೆ ಅದೇ ಮಾತು ಹೇಳುವುದು ಕೇಳಿಸಿತು. "ಬಂದವು! ಬಂದವು!" ಎಂದು ಕೂಗಿದರು. "ನಮ್ಮ ಅಕ್ಕನಿಗೂ ಹೇಳಿಕೊಡುತ್ತೇನೆ. ಅವಳೂ ಇಲ್ಲೇ ಇದ್ದಾಳೆ, ಗೋಡೆಗೆ ಕಿವಿಯಿಟ್ಟು ಕೂತಿದ್ದಾಳೆ. ಪಂಪು ಅಂತ ಅವಳಿಗೂ ಗೊತ್ತು, ಮೇನೇಜರ್ ಗಾರು. ನೀವು ಮತ್ತೆ ಹೇಳಬೇಡಿ."

ಹೆಂಡತಿ ಫೋನನ್ನು ಆ ಗೋಡೆಗೆ ಹಿಡಿಯಲು ಹೇಳಿದಳು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ನಮ್ಮ ಹಾಲನ್ನು ತುಂಬಿತು. ಅವಳು ಕಣ್ಣು ಮುಚ್ಚಿ, ತನಗರಿವಿಲ್ಲದೆಯೇ ಕೈಮುಗಿದಳು.

"ಓಂಕಾರ ಕೇಳಾಕತ್ತೇತಿ ನೋಡ್ರಿ" ಎಂದಳು.

"ಹೌದು, ಓಂಕಾರನ ಐತಿ" ಎಂದೆ.