ಗೌಡರ ಶೋ ಗಿಡ ಮತ್ತು ನನ್ನ ಸೊಳ್ಳೆ ಪಂಪು

ಸಿಂಧನೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು ನನಗೆ ಮೂವತ್ತು ವರ್ಷವಾಯಿತು. ಗದ್ದೆಗಳಲ್ಲಿ ಸುಟ್ಟು ಕರಕಲಾದ ಎಂಥೆಂಥ ಮೋಟಾರುಗಳಿಗೋ ಮರುಜೀವ ಕೊಟ್ಟ ಕೈ ಇದು. ದಢೇಸುಗೂರಿನ ರೈತರು ಈಗಲೂ "ಶರಣಪ್ಪ ಮುಟ್ಟಿದರ ಸಾಕು, ತಿರಗತೈತಿ" ಎನ್ನುತ್ತಾರೆ. ಹೀಗಿರುವಾಗ ಬೊಗಸೆಯಷ್ಟು ನೀರಿನಲ್ಲಿ ಈಜುವ ಸೊಳ್ಳೆ ಮರಿಗಳು ನನಗೆ ಯಾವ ಲೆಕ್ಕ ಎಂದು ನಾನು ತಿಳಿದದ್ದರಲ್ಲಿ ತಪ್ಪೇನಾದರೂ ಇದೆಯೇ?

ಇತ್ತು. ಆದರೆ ನನ್ನ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಅದನ್ನು ಮೊದಲು ಕೇಳಿಬಿಡಿ.

ಈ ಮಳೆಗಾಲದಲ್ಲಿ ನನ್ನ ಹೆಂಡತಿ ಬಸಮ್ಮನಿಗೆ ಡೆಂಗಿ ಬಂತು. ಎಂಟು ದಿನ ದವಾಖಾನೆಯಲ್ಲಿ ಮಲಗಿದಳು. ಮದುವೆಯಾದಂದಿನಿಂದ ನನ್ನನ್ನು ಬೈಯುತ್ತಲೇ ಬಂದ ಹೆಂಗಸು ಮೂರು ದಿನ ಒಂದು ಮಾತೂ ಬೈಯಲಿಲ್ಲ! ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ನಾಲ್ಕನೇ ದಿನ ಕಣ್ಣು ಬಿಟ್ಟು, "ಆ ಅಂಗಿ ಹಾಕ್ಕೊಂಡು ಎಷ್ಟು ದಿನಾತ್ರೀ?" ಎಂದಳು. ನಾನು ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು ಅತ್ತೆ.

ಮನೆಗೆ ಕಳಿಸುವಾಗ ಡಾಕ್ಟರು, "ಮುಂಜಾನೆ ಅರ್ಧ ತಾಸು ನಡೀರಿ ಅಮ್ಮಾ, ಶಕ್ತಿ ಬರತೈತಿ" ಎಂದರು. ಎಲ್ಲಿ ನಡೆಯುವುದು? ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರು, ಅಕ್ಕಿ ಲಾರಿ, ನಡುವೆ ನುಗ್ಗುವ ಆಟೋ. ಉಳಿದದ್ದು ನಮ್ಮ ಓಣಿಯ ಪಾರ್ಕು ಒಂದೇ.

ಈ ಪಾರ್ಕನ್ನು ಓಣಿಯವರೇ ಸೇರಿ ಮಾಡಿದ್ದು. ಸಮಿತಿಯ ಅಧ್ಯಕ್ಷರು ರೈಸ್ ಮಿಲ್ಲಿನ ವೀರನಗೌಡರು. ಪಾರ್ಕಿನಲ್ಲಿ ಅವರ ಹೆಮ್ಮೆ ಎಂದರೆ ಲಿಂಗಸುಗೂರಿನ ನರ್ಸರಿಯಿಂದ ಕುಂಡಗಳ ಸಮೇತ ತರಿಸಿದ ನಲವತ್ತು ಶೋ ಗಿಡ. ನೋಡಲು ಅನಾನಸ್ ಗಿಡದ ಹಾಗೆ. ಎಲೆಗಳೆಲ್ಲ ನಡುವೆ ಕೂಡಿಕೊಂಡು ಬಟ್ಟಲಿನಂತಾಗಿರುತ್ತವೆ. ಆ ಬಟ್ಟಲಿನ ತುಂಬ ನೀರು ನಿಂತಿರುತ್ತದೆ. ಗೌಡರು ದಿನಾ ಮುಂಜಾನೆ ಬಂದು, ನೀರು ಕಡಿಮೆಯಾದಲ್ಲಿ ಸ್ವತಃ ತುಂಬಿಸಿ ಹೋಗುತ್ತಿದ್ದರು.

ಪಾರ್ಕಿಗೆ ಹೋಗತೊಡಗಿದ ಮೂರನೇ ದಿನ ಬಸಮ್ಮ ನಡೆಯುವುದನ್ನು ಬಿಟ್ಟು ಮೊಣಕಾಲು ಕೆರೆಯುತ್ತ ಕುಳಿತಳು.

"ಕಡಿಯಾಕತ್ತಾವ್ರೀ. ಇಲ್ಲಿ ನಡಿಯೋದಕ್ಕಿಂತ ಮನ್ಯಾಗ ಮಲಗೋದು ಚೊಲೊ."

ನಾನು ಬಗ್ಗಿ ಗಿಡದ ಬಟ್ಟಲಿನೊಳಗೆ ನೋಡಿದೆ. ಕಪ್ಪು ಎಳೆಯಂಥ ಹುಳಗಳು ಕೊಂಕಿ ಕೊಂಕಿ ಮೇಲೆ ಬರುತ್ತಿವೆ, ಕೆಳಗೆ ಹೋಗುತ್ತಿವೆ. ಪಕ್ಕದ ಗಿಡದಲ್ಲೂ ಅದೇ! ಒಂದೊಂದು ಗಿಡದ ಹೊಟ್ಟೆಯಲ್ಲಿ ಒಂದೊಂದು ಹೆರಿಗೆ ದವಾಖಾನೆ! ಸಾವಿನ ಬಾಯಿಂದ ಎದ್ದು ಬಂದ ನನ್ನ ಹೆಂಡತಿಯನ್ನು ನಾನೇ ಕೈಹಿಡಿದು ಕರೆತಂದು ಈ ಸಂತಾನಕ್ಕೆ ಊಟವಾಗಿ ಬಡಿಸುತ್ತಿದ್ದೆ! ನನ್ನ ರಕ್ತ ಕುದಿಯಿತು. ನೇರವಾಗಿ ಗೌಡರ ಮುಂದೆ ಹೋಗಿ ನಿಂತೆ.

"ಗೌಡ್ರೇ, ನಿಮ್ಮ ಗಿಡದಾಗ ಸೊಳ್ಳಿ ಮರಿ ಅದಾವ್ರೀ."

ಗೌಡರು ಬಗ್ಗಲೂ ಇಲ್ಲ. "ಅದು ಮರಿ ಅಲ್ಲಪಾ, ಧೂಳು."

"ಧೂಳು ಈಜತೈತೇನ್ರೀ?"

"ಗಾಳಿಗೆ ಅಳ್ಳಾಡತೈತಿ."

"ಹಂಗಾರ ಆ ನೀರು ಚೆಲ್ಲಿಬಿಡೂಣ್ರೀ."

"ಏ, ಹುಚ್ಚೇನು ನಿನಗ? ಈ ಗಿಡಕ್ಕ ನೆತ್ತಿಯೊಳಗ ನೀರು ಇರಬೇಕಂತ ನರ್ಸರಿಯವ ಹೇಳ್ಯಾನ. ನೀ ಮೋಟಾರಿಗೆ ಡಾಕ್ಟರು, ಗಿಡಕ್ಕಲ್ಲ. ಬೇಕಾದ್ರ ಲಿಂಗಸುಗೂರಿಗೆ ಹೋಗಿ ಅವನ್ನ ಕೇಳ್ಕೊಂಡು ಬಾ. ಆಮ್ಯಾಲ ನೋಡೂಣು."

ಹೋಗುತ್ತೇನೆ ಎಂದೆ! ಮರುದಿನ ಅಂಗಡಿ ಮುಚ್ಚಿ, ಸಾಕ್ಷಿಗೆಂದು ಒಂದು ಗಿಡದ ನೀರನ್ನು ಮರಿಗಳ ಸಮೇತ ಬಾಟಲಿಗೆ ತುಂಬಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಕೂಸನ್ನು ಹಿಡಿದ ಹಾಗೆ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಕುಳಿತೆ.

ಬಾಜುವಿನ ಸೀಟಿನಲ್ಲಿ ಪಾಮನಕಲ್ಲೂರಿನ ಒಬ್ಬ ಮುದುಕಿ. ಮಸ್ಕಿಯಲ್ಲಿ ಇಳಿಯುವವಳು. ಮಿರ್ಚಿ ಭಜಿ ತಿನ್ನುತ್ತಿದ್ದವಳಿಗೆ ಒಮ್ಮೆಲೇ ಖಾರ ನೆತ್ತಿಗೇರಿತು.

"ತಮ್ಮಾ, ಒಂದು ಗುಟುಕು ನೀರು ಕೊಡಪಾ."

"ಇದು ಕುಡಿಯೋ ನೀರಲ್ಲ ಬೇ ಅಮ್ಮಾ."

"ಕಣ್ಣಿಗೆ ಕಾಣಾಕತ್ತೈತಿ. ನೀರಲ್ಲದ ಏನದು?"

"ನೀರೇ. ಆದ್ರ ಕೊಡಾಕ ಬರಲ್ಲ."

ಮುದುಕಿ ಕೆಮ್ಮುತ್ತಲೇ ಇಡೀ ಬಸ್ಸಿಗೆ ಕೇಳುವಂತೆ, "ನೋಡ್ರಪ್ಪಾ, ನೀರು ಇಟ್ಕೊಂಡು ಇಲ್ಲ ಅಂತಾನ!" ಎಂದಳು. ಮುಂದಿನ ಸೀಟಿನವನು ತಿರುಗಿದ. ಹಿಂದಿನಿಂದ ಯಾರೋ "ಎಂಥಾ ಮನಷ್ಯಾರು ಇರ್ತಾರಪಾ" ಎಂದರು. ಒಬ್ಬನಂತೂ ಬಾಟಲಿಗೆ ಕೈಯನ್ನೇ ಹಾಕಿದ! ನಾನು ಎದ್ದು ನಿಂತು ಕೂಗಿದೆ: "ಮುಟ್ಟಬ್ಯಾಡ್ರೀ! ಇದರಾಗ ಡೆಂಗಿ ಸೊಳ್ಳಿ ಮರಿ ಅದಾವ!"

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನನ್ನ ಸುತ್ತಲಿನ ಸೀಟುಗಳೆಲ್ಲ ಖಾಲಿ! ಮುದುಕಿಯ ಕೆಮ್ಮು ತಾನಾಗಿಯೇ ನಿಂತಿತ್ತು.

ಕಂಡಕ್ಟರ್ ಬಂದ. "ಎಷ್ಟು ಮರಿ ಅದಾವ್ರೀ?"

"ಎಣಿಸಿಲ್ರೀ."

"ಮತ್ತ ಟಿಕೆಟ್ ಒಂದ ತಗೊಂಡೀರಿ?"

ಬಸ್ಸೆಲ್ಲ ನಕ್ಕಿತು. ಮಸ್ಕಿಯಲ್ಲಿ ಬಸ್ಸು ನಿಂತ ಕೂಡಲೇ ಕಂಡಕ್ಟರನ ಕಾವಲಿನಲ್ಲಿ ನನ್ನನ್ನು ಇಳಿಸಿ, ಬಾಟಲಿಯನ್ನು ಕಾದ ಮಣ್ಣಿಗೆ ಸುರಿಸಿದರು. ಸಾಕ್ಷಿ ನಿಮಿಷದಲ್ಲಿ ಒಣಗಿ ಹೋಯಿತು. ಸುಳ್ಳು ಹೇಳಿದ ಗೌಡರು ಮಿಲ್ಲಿನಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದಾರೆ. ಖರೇ ಹೇಳಿದ ನಾನು ಮಸ್ಕಿಯ ಬಿಸಿಲಿನಲ್ಲಿ ಕಳ್ಳನ ಹಾಗೆ ನಿಂತಿದ್ದೇನೆ! ಇದು ನ್ಯಾಯವೇ?

ಖಾಲಿ ಬಾಟಲಿ ಹಿಡಿದು ಮುಂದಿನ ಬಸ್ಸಿಗೆ ಲಿಂಗಸುಗೂರು ಮುಟ್ಟಿದೆ. ನರ್ಸರಿಯವನು ನನ್ನ ಮಾತನ್ನು ಸಮಾಧಾನದಿಂದ ಕೇಳಿದ. "ನೀರು ಇರಬೇಕು ಅಂದಿದ್ದು ಖರೇ ಐತ್ರೀ. ಅದೇ ನೀರು ಇರಬೇಕು ಅಂತ ಯಾರು ಹೇಳ್ಯಾರ? ವಾರಕ್ಕೊಮ್ಮೆ ಹಳೇದು ತೆಗೆದು ಹೊಸಾದು ಹಾಕ್ರಿ. ರೆಕ್ಕಿ ಬರೋದ್ರೊಳಗ ಮರಿ ಹೊರಗ ಬಿದ್ದು ಸಾಯ್ತಾವ."

"ತೆಗಿಯೋದು ಹೆಂಗ್ರೀ?"

ಅಷ್ಟರಲ್ಲಿ ಬೇರೆ ಗಿರಾಕಿ ಬಂದ. "ಹೆಂಗರ ತೆಗೀರಿ" ಎಂದು ಅವನು ಆ ಕಡೆ ನಡೆದ.

ಹೇಗಾದರೂ! ನೀರೆತ್ತುವ ವಿಷಯವನ್ನು ನನ್ನಂಥವನಿಗೆ "ಹೆಂಗರ" ಎಂದು ಬಿಟ್ಟರೆ ಕೇಳಬೇಕೆ? ವಾಪಸು ಬರುವಾಗ ಬಸ್ಸಿನಲ್ಲೇ ತಲೆಯೊಳಗೆ ಯಂತ್ರ ತಯಾರಾಯಿತು. ಗದ್ದೆಗೆ ಔಷಧಿ ಹೊಡೆಯುವ ಹಳೆಯ ಬ್ಯಾಟರಿ ಪಂಪಿನ ಮೋಟಾರು ಒಂದು. ಅದಕ್ಕೆ ಎರಡು ಪೈಪು. ಒಂದು ಗಿಡದಿಂದ ನೀರು ಎಳೆಯುತ್ತದೆ, ಇನ್ನೊಂದು ಅದನ್ನು ಬಕೆಟ್ಟಿಗೆ ಬಿಡುತ್ತದೆ. ಮೂರು ದಿನ ಊಟದ ಪರಿವೆಯಿಲ್ಲದೆ ಕೆಲಸ ಮಾಡಿದೆ.

"ಏನ್ ಮಾಡಾಕತ್ತೀರಿ?" ಎಂದಳು ಬಸಮ್ಮ.

"ನಿನ್ನ ಸಲುವಾಗಿ ಯಂತ್ರ ಮಾಡಾಕತ್ತೀನಿ."

"ನನ್ನ ಸಲುವಾಗಿ ಅಡಿಗಿಮನಿ ಮಿಕ್ಸರ್ ರಿಪೇರಿ ಮಾಡ್ರಿ ಮೊದಲ. ಎರಡು ತಿಂಗಳಾತು."

ಸಂಶೋಧಕರ ಮನೆಯವರು ಯಾವಾಗಲೂ ಹೀಗೇ ಎಂದುಕೊಂಡು ನಾನು ಪೈಪು ಬಿಗಿಯುತ್ತ ಹೋದೆ.

ಭಾನುವಾರ ಮುಂಜಾನೆ ಪಾರ್ಕಿನಲ್ಲಿ ಓಣಿಯವರೆಲ್ಲ ಸೇರಿದರು. ಸ್ವಿಚ್ ಒತ್ತಿದೆ. ಗುರ್ರ್ ಎಂದಿತು! ಗಿಡದ ನೀರು ಸರಸರನೆ ಏರಿ ಬಕೆಟ್ಟಿಗೆ ಬಿತ್ತು, ಮರಿಗಳ ಸಮೇತ. ಒಂದು, ಎರಡು, ಹೀಗೆ ಹತ್ತು ಗಿಡ. ಜನ ಚಪ್ಪಾಳೆ ತಟ್ಟಿದರು. ನಾನು ಬಸಮ್ಮನ ಕಡೆ ನೋಡಿದೆ. ಬೆಂಚಿನ ಮೇಲೆ ಕುಳಿತಿದ್ದ ಅವಳೂ ಸಣ್ಣಗೆ ನಕ್ಕಳು. ಆ ನಗುವಿನಲ್ಲೇ ನಾನು ಕೆಟ್ಟೆ!

ಹನ್ನೊಂದನೇ ಗಿಡಕ್ಕೆ ಎಲೆಯ ಚೂರು ಸಿಕ್ಕಿ ಪೈಪು ಕಟ್ಟಿತು. ಎರಡೂ ಪೈಪು ಬಿಚ್ಚಿ ಊದಿ ಸ್ವಚ್ಛ ಮಾಡುವಷ್ಟರಲ್ಲಿ ವೀರನಗೌಡರು ಬಿಳಿ ಧೋತರ, ಬಿಳಿ ಅಂಗಿಯಲ್ಲಿ ಬಂದರು. "ಅಧ್ಯಕ್ಷ ನಾನು. ನಾ ಇಲ್ಲದ ಉದ್ಘಾಟನಿ ಹೆಂಗ ಮಾಡಿದಿ? ತಾ ಇಲ್ಲಿ ಆ ಪೈಪು!"

ನಾನು ಗಡಿಬಿಡಿಯಲ್ಲಿ ಪೈಪು ಜೋಡಿಸಿ ಅವರ ಕೈಗೆ ಕೊಟ್ಟೆ. ಗೌಡರು ಗಿಡದ ಮೇಲೆ ಬಗ್ಗಿ, ಪೈಪಿನ ಬಾಯನ್ನು ಬೆಳಕಿಗೆ ಹಿಡಿದು ಇಣುಕಿದರು. "ಎಲ್ಲಿ ಅದಾವಪಾ ನಿನ್ನ ಮರಿ?" ಎಂದು ಬಾಯಿ ತೆರೆದರು. ನಾನು ಸ್ವಿಚ್ ಒತ್ತಿದೆ.

ಮೂವತ್ತು ವರ್ಷದ ಅನುಭವದ ಕೈ ಎರಡು ಪೈಪನ್ನು ಅದಲುಬದಲು ಮಾಡಿತ್ತು! ಹತ್ತು ಗಿಡದ ನೀರು ಬಕೆಟ್ಟಿನಿಂದ ಎದ್ದು, ಗದ್ದೆಗೆ ಔಷಧಿ ಹೊಡೆಯುವಷ್ಟೇ ರಭಸದಿಂದ ಗೌಡರ ಮುಖಕ್ಕೆ, ಮೀಸೆಗೆ, ತೆರೆದ ಬಾಯಿಗೆ ಬಡಿಯಿತು. ಸೊಳ್ಳೆ ಮರಿಗಳ ಅಸ್ತಿತ್ವದ ಬಗ್ಗೆ ಮಾನ್ಯ ಅಧ್ಯಕ್ಷರಿಗಿದ್ದ ಸಕಲ ಸಂಶಯಗಳೂ ಆ ಕ್ಷಣದಲ್ಲಿ ಪರಿಹಾರವಾದವು.

"ಈಜಾಕತ್ತಾವಲೇ! ಬಾಯಾಗ ಈಜಾಕತ್ತಾವ!"

ಗಾಬರಿಯಲ್ಲಿ ಅವರು ಪೈಪು ಬಿಸಾಡಿದರು. ಅದು ಹಾವಿನಂತೆ ಹೊರಳಿ, ಚಪ್ಪಾಳೆ ತಟ್ಟಿದ ಒಬ್ಬರನ್ನೂ ಬಿಡದೆ ತೋಯಿಸಿತು. ನಾನು ಸ್ವಿಚ್ ಹುಡುಕಿ ಆರಿಸುವಷ್ಟರಲ್ಲಿ ಬಕೆಟ್ಟು ಖಾಲಿಯಾಗಿತ್ತು.

ಆಗ ಬಸಮ್ಮ ಬೆಂಚಿನಿಂದ ಎದ್ದಳು. ನಿಧಾನವಾಗಿ ಹನ್ನೊಂದನೇ ಗಿಡದ ಹತ್ತಿರ ಬಂದು, ಅದರ ಕುಂಡದ ಅಂಚು ಹಿಡಿದು ಪಕ್ಕಕ್ಕೆ ಬಾಗಿಸಿದಳು. ನೀರೆಲ್ಲ ಒಣನೆಲಕ್ಕೆ ಹರಿದುಹೋಯಿತು. ಕುಂಡ ನೆಟ್ಟಗೆ ಇಟ್ಟು, ತಂಬಿಗೆಯಿಂದ ಹೊಸ ನೀರು ಹಾಕಿ ಮುಂದಿನ ಗಿಡಕ್ಕೆ ಹೋದಳು.

"ಕುಂಡದಾಗ ಅದಾವಲ್ರೀ," ಎಂದಳು. "ಬಗ್ಗಿಸಿದ್ರ ಆತು."

ತೊಯ್ದು ನಿಂತಿದ್ದ ಹೆಂಗಸರು ಸೆರಗು ಕಟ್ಟಿ ಕೈಜೋಡಿಸಿದರು. ಕಾಲು ತಾಸಿನಲ್ಲಿ ಎಲ್ಲ ಮುಗಿಯಿತು. ನಾನು ಪೈಪು ಹಿಡಿದು ನಿಂತಿದ್ದೆ.

"ಇಷ್ಟು ದಿನ ಯಾಕ ಹೇಳ್ಲಿಲ್ಲ ನೀ?" ಎಂದೆ ಸಿಟ್ಟಿನಿಂದ.

"ನೀವು ಕೇಳಿದ್ರೇನು?"

ಪ್ರತಿ ಭಾನುವಾರ ಕುಂಡ ಬಗ್ಗಿಸುವ ಕೆಲಸವನ್ನು ಸಮಿತಿ ಸರ್ವಾನುಮತದಿಂದ ನನಗೆ ವಹಿಸಿದೆ. ಠರಾವು ಮಂಡಿಸಿದವರು ಗೌಡರು. ಸೊಳ್ಳೆ ಕಡಿಮೆಯಾಗಿವೆ, ಸುಳ್ಳು ಹೇಳಬಾರದು. ಬಸಮ್ಮ ಈಗ ನಾಲ್ಕು ಸುತ್ತು ನಡೆದು, ಬೆಂಚಿನ ಮೇಲೆ ಕುಳಿತು, "ಆ ಮೂಲ್ಯಾಗಿಂದು ಬಿಟ್ರಿ ನೋಡ್ರಿ" ಎಂದು ದನಿಯೆತ್ತಿ ಬೈಯುವಷ್ಟು ಗಟ್ಟಿಯಾಗಿದ್ದಾಳೆ.

ಹೋದ ವಾರ ಓಣಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಅವಳ ಪಕ್ಕ ಕುಳಿತು, ನಾನು ಬಗ್ಗಿ ಬಗ್ಗಿ ಏದುಸಿರು ಬಿಡುವುದನ್ನು ನೋಡುತ್ತಿದ್ದಳು.

"ಅವರು ಇಲ್ಲಿ ಮಾಲಿ ಏನ್ರೀ?"

"ಅಲ್ಲವ್ವಾ," ಎಂದಳು ಬಸಮ್ಮ. "ಮಾಲಿ ಬ್ಯಾರೆ ಅದಾನ. ಅವಗ ಕೆಲಸ ಬರತೈತಿ."