ಸ್ನಾಯುವಿನ ಪೊರೆ ಮತ್ತು ಹೆಸರುಬೇಳೆ ಪಾಯಸ

ತಾರೀಖುಗಳನ್ನು ತಾಳೆ ನೋಡುವುದು ಕೆಲವರಿಗೆ ಕೆಲಸ, ನನಗೆ ಕಾಯಿಲೆ. ಲಗ್ನಪತ್ರಿಕೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಾರೀಖಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಫೋನು ಮಾಡಿ ತಿಳಿಸುತ್ತೇನೆ. ಹೀಗೆ ತಿಳಿಸಿದ್ದಕ್ಕೆ ಎರಡು ಮನೆತನಗಳು ನನ್ನೊಡನೆ ಮಾತು ಬಿಟ್ಟಿವೆ. ಇಂಥ ನಾನು, ನಿವೃತ್ತಿಯ ಎರಡನೆಯ ವರ್ಷ, ಧಾರವಾಡ ಬಿಟ್ಟು ಬೈರಿದೇವರಕೊಪ್ಪದಲ್ಲಿ ಮನೆ ಮಾಡಿದ ಹೊಸದರಲ್ಲಿ, ನನ್ನದೇ ರಕ್ತಪರೀಕ್ಷೆಯ ತಾರೀಖಿನಲ್ಲಿ ಮುಗ್ಗರಿಸಿದ್ದನ್ನು ಒಪ್ಪಿಕೊಳ್ಳಬೇಕಾಗಿದೆ.

ಖಾಲಿ ಹೊಟ್ಟೆಯ ಸಕ್ಕರೆ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ನಮ್ಮ ಓಣಿಯ ಡಾಕ್ಟರು ಚೀಟಿ ಮಡಚುತ್ತ, "ಹದಿನೈದು ದಿನಾ ಬಿಟ್ಟು ಇನ್ನೊಮ್ಮೆ ನೋಡೂಣ್ರಿ ಸರ. ಆಗನೂ ಹಿಂಗ ಇದ್ರ ಗುಳಿಗಿ ಚಾಲೂ ಮಾಡಬೇಕಾಗತೈತಿ," ಎಂದರು. ಸಕ್ಕರೆ ಕಾಯಿಲೆಯಿದ್ದ ನನ್ನ ತಂದೆಯ ಕಾಲಿನ ಹುಣ್ಣು ಕಡೆಗೂ ಮಾಯಲಿಲ್ಲ. ದಿನವೂ ಅದರ ಪಟ್ಟಿ ಬದಲಿಸುತ್ತಿದ್ದವನು ನಾನು. ಮನೆ ಮುಟ್ಟುವವರೆಗೂ ಎಡಗಾಲಿನ ಹೆಬ್ಬೆರಳನ್ನು ಚಪ್ಪಲಿಯೊಳಗೇ ಆಡಿಸಿ ನೋಡುತ್ತ ಬಂದೆ.

ವಿಪರ್ಯಾಸವೆಂದರೆ ನಾನು ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡುತ್ತ ಆಯುಷ್ಯ ಕಳೆದದ್ದು ಈ ವಿಷಯದಲ್ಲೇ. ಉಂಡ ಅನ್ನದ ಸಕ್ಕರೆಯ ದೊಡ್ಡ ಪಾಲು ಹೋಗುವುದು ಸ್ನಾಯುಗಳಿಗೆ. ಸ್ನಾಯುವಿನ ಪ್ರತಿ ಜೀವಕೋಶಕ್ಕೂ ಕೊಬ್ಬಿನಿಂದಾದ ತೆಳುವಾದ ಪೊರೆಯಿದೆ. ಆ ಕೊಬ್ಬು ಮೆತ್ತಗಿದ್ದರೆ ಇನ್ಸುಲಿನ್ನಿನ ಕರೆಗೆ ಕೋಶ ಬೇಗ ಓಗೊಟ್ಟು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬಿಗಿಯಾಗಿದ್ದರೆ ಉದಾಸೀನ ಮಾಡುತ್ತದೆ. ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ನಾನು ನಿವೃತ್ತನಾಗುವಾಗಲೂ ಪೂರ್ತಿ ಇತ್ಯರ್ಥವಾಗಿರಲಿಲ್ಲ. ಆದರೆ ಹೆದರಿದ ಮನುಷ್ಯನಿಗೆ ಅಂಥ ಸೂಕ್ಷ್ಮಗಳು ಬೇಡ. ಡಾಲ್ಡಾದ ಡಬ್ಬಿಯನ್ನು ಮನೆಯಿಂದ ಹೊರಹಾಕಿ, ಹೆಂಡತಿ ಸುಮಿತ್ರೆಯನ್ನು ಕೂಡಿಸಿಕೊಂಡು ಉಪನ್ಯಾಸ ಕೊಟ್ಟೆ. ಆಕೆ ಸಾವಧಾನವಾಗಿ ಕೇಳಿದಳು.

"ಅಂದ್ರ, ಇನ್ಸುಲಿನ್ ಬಂದು ಬಾಗಲಾ ಬಡೀತದ, ಒಳಗಿನವ್ರು ತಗಿಯೂದಿಲ್ಲ. ಮಧ್ಯಾಹ್ನ ನೀವು ಮಲಗಿದಾಗ ನಾ ಬಡದಂಗ."

"ಹೆಚ್ಚುಕಡಿಮಿ ಹಂಗ."

"ಮತ್ತ ಇಲಿಗೋಳಿಗೆ ಏನು ತಿನ್ನಿಸಿ ಪೊರಿ ಮೆತ್ತಗ ಮಾಡ್ತಿದ್ರಿ?"

"ಮೀನಿನ ಎಣ್ಣಿ."

"ರಾಮ ರಾಮ! ಅದನ್ನ ಮುಟ್ಟಿ ಬಂದು ನಮ್ಮನ್ಯಾಗ ಪೂಜಾ ಮಾಡ್ತಿದ್ರ್ಯಾ?"

ಮೀನಿನ ಸ್ಥಾನಕ್ಕೆ ಅದೇ ಬಗೆಯ ಕೊಬ್ಬಿರುವ ಅಗಸೆಬೀಜ, ನಮ್ಮ ಅಗಸಿ, ಬಂದಿತು. ಎರಡು ವಾರ ಹೊತ್ತುಹೊತ್ತಿಗೆ ಅಗಸಿ ಚಟ್ನಿ. ಮಿರ್ಚಿ ಭಜಿ ಬಂದ್. ನನ್ನ ಪಥ್ಯವನ್ನು ತಾನೂ ಉಂಡ ಸುಮಿತ್ರೆ ದೂರಲಿಲ್ಲ. ದಿನವೂ ಬೆಳಿಗ್ಗೆ ನನ್ನ ಪಾದಗಳನ್ನು ಓರೆಗಣ್ಣಿನಿಂದ ನೋಡಿ ಒಳಗೆ ಹೋಗುತ್ತಿದ್ದಳು, ಅಷ್ಟೇ.

ಮರುಪರೀಕ್ಷೆಗೆ ಎರಡು ದಿನ ಉಳಿದಿದ್ದಾಗ ಆಕೆ ಪಂಚಾಂಗ ಹಿಡಿದು ಬಂದಳು. "ಅಲ್ರೀ, ನಾಳೆ ಏಕಾದಶಿ. ನಾಡದ ರಕ್ತಾ ಕೊಡೂದು ಪಾರಣಿಗಿಂತ ಮೊದಲೋ, ಆಮ್ಯಾಲೋ? ಹೋದ ಸಲ ಅಂತೂ ಪಾಯಸಾ ಉಂಡ ಹೋಗಿದ್ರಿ."

ನಮ್ಮಲ್ಲಿ ಏಕಾದಶಿಯೆಂದರೆ ನೀರೂ ಇಲ್ಲ. ಮರುದಿನ ದ್ವಾದಶಿ ಮುಗಿಯುವುದರೊಳಗೆ ಊಟ ಮಾಡಿ ವ್ರತ ಬಿಡಬೇಕು, ಅದೇ ಪಾರಣೆ. ಹೋದ ಸಲ ಡಾಕ್ಟರು ಒಂದು ರಾತ್ರಿಯ ಖಾಲಿ ಹೊಟ್ಟೆ ಕೇಳಿದ್ದರು. ಹೇಗೂ ಇಡೀ ದಿನ ನಿರಾಹಾರವಿರುತ್ತೇನಲ್ಲ, ಒಂದೇ ಉಪವಾಸದಲ್ಲಿ ದೇವರಿಗೂ ಡಾಕ್ಟರಿಗೂ ಇಬ್ಬರಿಗೂ ಸಂದಾಯವಾಗಲಿ ಎಂದು ಏಕಾದಶಿಯ ಮರುದಿನವನ್ನೇ ಆರಿಸಿದ್ದೆ. ಆ ಸಲ ದ್ವಾದಶಿ ಬಹಳ ಚಿಕ್ಕದು, ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಮುಗಿಯುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಸ್ನಾನ, ಪೂಜೆ ಮುಗಿಸಿ, ಅನ್ನ ಉಂಡು, ಹೆಸರುಬೇಳೆ ಪಾಯಸ ಎರಡು ಸಲ ಹಾಕಿಸಿಕೊಂಡಿದ್ದೆ. ಪಾರಣೆಯನ್ನು ನಾನು ಹುಟ್ಟಿದಾಗಿನಿಂದ ವ್ರತದ ಕೊನೆಯ ಅಂಗವೆಂದು ಎಣಿಸಿದವನೇ ಹೊರತು ಊಟವೆಂದು ಎಣಿಸಿದವನಲ್ಲ. ರಕ್ತ ತೆಗೆಯುವ ಹುಡುಗಿ, "ಏನರ ತಿಂದೀರೇನ್ರಿ ಅಜ್ಜಾರ?" ಎಂದು ಕೇಳಿದಾಗ, "ನಿನ್ನೆ ದಿನಾಪೂರ್ತಿ ನೀರು ಸುದ್ದಾ ಮುಟ್ಟಿಲ್ಲವ್ವಾ," ಎಂದು ಎದೆಯುಬ್ಬಿಸಿ ಹೇಳಿದ್ದೆ. ಮೇಲಾಗಿ, ಆಕೆ ಚೀಟಿಯ ಮೇಲೆ ಹಿಂದಿನ ದಿನದ ತಾರೀಖು ಬರೆದದ್ದನ್ನು ಹಿಡಿದು, ತಿದ್ದಿಸಿದ್ದೆ.

ಚೀಟಿಯನ್ನೂ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟು ಮೂರು ಸಲ ತಾಳೆ ನೋಡಿದೆ. ದ್ವಾದಶಿಯೇ. ಅಡಿಗೆಮನೆಯ ನೆಲದ ಮೇಲೆ ಹಾಗೆಯೇ ಕುಳಿತೆ. ಎರಡು ವಾರದಲ್ಲಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟೆ. ಸುಮಿತ್ರೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಖಾಲಿ ಹೊಟ್ಟಿ ಬೇಕಂತ ಮೊದಲ ಹೇಳಬಾರದ?" ಎಂದು ನನ್ನನ್ನೇ ಗದರಿದಳು.

ಈ ಸಲ ಒಂದು ದಿನ ಮುಂದೂಡಿ, ತ್ರಯೋದಶಿಯ ಬೆಳಿಗ್ಗೆ ನಿಜವಾಗಿ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟೆ. ಸಕ್ಕರೆ ಎಷ್ಟಿರಬೇಕೋ ಅಷ್ಟೇ ಇತ್ತು. "ಭಾಳ ಛಲೋ ಐತಿ! ಏನ್ ಮಾಡಿದ್ರಿ ಸರ?" ಎಂದರು ಡಾಕ್ಟರು. ಅಗಸಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಮೊದಲ ಅಳತೆಯೇ ಹುಸಿಯಾದ ಮೇಲೆ ಎರಡನೆಯದರಿಂದ ಏನೂ ಸಿದ್ಧವಾಗದೆಂದು ನುಂಗಿಕೊಂಡು, ಪೊರೆಯ ಚಿಂತೆಯಿಂದ ಪಾಯಸದವರೆಗೆ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ನಕ್ಕರು. "ಎರಡು ವಾಟಗಾ ಪಾಯಸಾ ಹೊಡದು ಬಂದ್ರ ಪಾಪ, ಪೊರಿ ಏನ್ ಮಾಡೀತ್ರಿ?"

ಸಂಜೆ ಸುಮಿತ್ರೆ ಮಿರ್ಚಿ ಕರಿದಳು. ಮೊದಲನೆಯದನ್ನು ಬಾಯಿಗಿಡುವಷ್ಟರಲ್ಲಿ ಒಲೆಯ ಮುಂದಿನಿಂದಲೇ ಕೇಳಿದಳು: "ಅಲ್ರೀ, ನಿಮ್ಮ ಆ ಇಲಿಗೋಳು... ರಕ್ತಾ ತಗಿಯೂ ಮುಂದ ಅವು ಖರೇನ ಉಪಾಸ ಇದ್ವು ಅಂತ ಯಾರು ನೋಡಿದ್ರು?"

ನಿವೃತ್ತನಾಗಿ ಎರಡನೆಯ ವರ್ಷ ನಡೆದಿದೆ, ಪ್ರಬಂಧಗಳೆಲ್ಲ ಅಚ್ಚಾಗಿವೆ, ಮಿರ್ಚಿ ಬಿಸಿಯಾಗಿದೆ. ಇನ್ನೊಂದನ್ನು ಹಾಕೆಂದು ತಾಟು ಮುಂದೆ ಚಾಚಿದೆ.