ಹನ್ನೆರಡನೆಯ ಕೂಸು

ಜಾಥಾದ ದಿನ ಬೆಳಿಗ್ಗೆ ಅನಾಥಾಶ್ರಮದ ಹನ್ನೆರಡೂ ಮಕ್ಕಳಿಗೆ ಒಟ್ಟಿಗೇ ಕಣ್ಣು ಬಂದವು. ಹಿಂದಿನ ದಿನ ಒಬ್ಬನ ಕಣ್ಣು ಮಾತ್ರ ಕೆಂಪಗಿತ್ತು. ಹನ್ನೆರಡು ಮಂದಿಗೆ ಇದ್ದದ್ದು ಒಂದೇ ಟವೆಲು. ಬೆಳಗಾಗುವುದರೊಳಗೆ ಎಲ್ಲರ ಕಣ್ಣೂ ಹಣ್ಣಾದ ಮೆಣಸಿನಕಾಯಿಯಂತೆ ಕೆಂಪಾಗಿ ಊದಿದ್ದವು.

ಬಾಗಿಲಲ್ಲಿ ನಿಂತು ಇದನ್ನು ನೋಡಿದ ಕರಿಬಸಯ್ಯನಿಗೆ ಮೊದಲು ಮಕ್ಕಳ ಮೇಲೆ ಮರುಕ ಬಂತು. ಆಮೇಲೆ ತನ್ನ ಮೇಲೆ ಬಂತು. ಎರಡನೆಯದೇ ಹೆಚ್ಚಾಗಿತ್ತು ಎಂಬುದು ಅವನಿಗೇ ತಿಳಿದು ನಾಚಿಕೆಯಾಯಿತು.

ಕರಿಬಸಯ್ಯ ಬಿ.ಎ. ಪಾಸಾಗಿ ಐದು ವರ್ಷವಾಗಿತ್ತು. ಸಿಂಧನೂರಿನ ವ್ಯಾಪಾರಸ್ಥರ ಮಕ್ಕಳಿಗೆ ಸಂಜೆ ಪಾಠ ಹೇಳಿ ಬದುಕುತ್ತಿದ್ದ. ಮಾತು ಕಡಿಮೆ. ಆ ಗುಣವೇ ಅವನನ್ನು ಇಲ್ಲಿಗೆ ತಂದಿತ್ತು. ಆಶ್ರಮಕ್ಕೆ ಛಾವಣಿ ಹಾಕಿಸಲು ವಾಹನ ಜಾಥಾ ಮಾಡುವುದೆಂದು ಕಮಿಟಿ ಸೇರಿದಾಗ, ಯಾರು ನಡೆಸಿಕೊಡುತ್ತೀರಿ ಎಂದರೆ ಒಬ್ಬರು ಬೀಗರು ಬಂದಿದ್ದಾರೆಂದರು, ಒಬ್ಬರು ಮಂಡಿನೋವೆಂದರು. ಚಹಾ ಕುಡಿಯುತ್ತ ಸುಮ್ಮನೆ ಕುಳಿತಿದ್ದವನು ಕರಿಬಸಯ್ಯ ಒಬ್ಬನೇ. ಕಮಿಟಿ ಅವನ ಮೌನವನ್ನೇ ಒಪ್ಪಿಗೆಯೆಂದು ಬರೆದುಕೊಂಡಿತು.

ಅಕ್ಕಿ ಗಿರಣಿಯ ಮಾಲೀಕ, ಕಮಿಟಿಯ ಅಧ್ಯಕ್ಷ ಪಂಪಣ್ಣ ಕೊನೆಗೆ ಒಂದು ಮಾತು ಸೇರಿಸಿದ್ದ: "ಜಾಥಾ ಚೆಂದಾಗಿ ಆಗ್ಲಿ ಅಯ್ಯನೋರೆ, ಆಶ್ರಮದ ವಾರ್ಡನ್ ನೌಕರಿ ನಿಮ್ದ ಅಂತ ತಿಳ್ಕೊರ್ರಿ."

ಆ ಒಂದು ಮಾತಿಗಾಗಿ ಕರಿಬಸಯ್ಯ ಗಿರಣಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಶೆಡ್ಡು ಎಲ್ಲ ಅಲೆದು ವಾಹನಗಳನ್ನು ಒಪ್ಪಿಸಿದ್ದ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ಮುಂದೆ ಮೈಕಿನ ಆಟೋ, ಅದರ ಹಿಂದೆ ಪಂಪಣ್ಣನ ಬಿಳಿ ಅಂಬಾಸಿಡರ್, ಆಮೇಲೆ ಜೀಪು, ರಾಜದೂತ್, ಚೇತಕ್, ಲೂನಾಗಳು. ಎಲ್ಲಕ್ಕಿಂತ ಹಿಂದೆ ಬಂದೇಸಾಬನ ಟ್ರ್ಯಾಕ್ಟರು, ಅದರ ಟ್ರಾಲಿಯಲ್ಲಿ ಮಕ್ಕಳು. ಎರಡೂ ಊರಲ್ಲಿ ಸಭೆ. ಮಕ್ಕಳನ್ನು ನೋಡಿ ಮಂದಿ ದಾನ ಕೊಡಬೇಕು. ಟ್ರಾಲಿಗೆ ಕಟ್ಟಿದ ಬಟ್ಟೆಯ ಮೇಲೆ ಪೇಂಟರ್ ದಪ್ಪಕ್ಷರದಲ್ಲಿ ಬರೆದಿದ್ದ: 'ಈ ಹನ್ನೆರಡು ಕಂದಮ್ಮಗಳಿಗೆ ನೆರಳಾಗಿ.'

ಕಣ್ಣಿನ ಸುದ್ದಿ ಕೇಳಿದ ಪಂಪಣ್ಣ ಕಾರಿನಿಂದ ಇಳಿಯಲೂ ಇಲ್ಲ.

"ಆ ಕಣ್ಣ ನೋಡಿದ್ರ ಮಂದಿ ರೊಕ್ಕ ಕೊಡ್ತಾರೇನ್ರಿ? ಮಾರಿ ಮುಚ್ಕೊಂಡು ಓಡ್ತಾರ. ಬ್ಯಾರೆ ಹುಡುಗರನ್ನ ತುಂಬ್ರಿ."

"ಇಷ್ಟು ಜಲ್ದಿ ಅನಾಥರು ಎಲ್ಲಿ ಸಿಗ್ತಾರ್ರೀ?"

"ಬಿ.ಎ. ಪಾಸಾದವ್ರು ನೀವು. ಅನಾಥ ಅಂತ ಹಣಿ ಮ್ಯಾಲ ಬರದಿರ್ತದೇನು? ಹುಡುಗ ಅಂದ್ರ ಹುಡುಗ!"

ಕರಿಬಸಯ್ಯ ಸುಮ್ಮನೆ ನಿಂತ. ಪಂಪಣ್ಣ ಅದನ್ನೂ ಒಪ್ಪಿಗೆಯೆಂದೇ ತಿಳಿದು ಗಾಜು ಏರಿಸಿದ.

ಕರಿಬಸಯ್ಯ ತನ್ನ ಓಣಿಗೇ ಓಡಿದ. ಪಕ್ಕದ ಮನೆಯ ಪಕೀರಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಓಣಿಯಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತೆಂಬುದೂ ಅವಳಿಗೆ ಗೊತ್ತು. ಜಾಥಾಕ್ಕೆ ಮಕ್ಕಳು ಬೇಕೆಂದು ಅವಳಿಗೆ ಹೇಳಿದ.

"ಬೂಂದಿ ಕೊಡ್ತಾರೇನ್ರಿ ಅಯ್ಯನೋರೆ?"

"ಕೊಡ್ತಾರ. ಊಟಾನೂ ಐತಿ."

"ಹಂಗಾರ ನಮ್ಮ ನಾಕೂ ಒಯ್ರಿ. ಅವು ಸಂಜಿತನ ಅನಾಥ ಆದ್ರ ನನಗೂ ಒಂಚೂರು ಆರಾಮ."

ಬಂದೇಸಾಬ ತನ್ನ ಇಬ್ಬರನ್ನು ಹತ್ತಿಸಿದ. ಬೂಂದಿಯ ಸುದ್ದಿ ಓಣಿ ದಾಟುವುದರೊಳಗೆ ಹನ್ನೊಂದು ಮಂದಿಯಾದರು. ಸಿಂಧನೂರಿನಲ್ಲಿ ಅನಾಥರಾಗಲು ಇಷ್ಟು ಮಂದಿ ತಯಾರಿದ್ದಾರೆಂದು ಕರಿಬಸಯ್ಯನಿಗೆ ಅದುವರೆಗೆ ಗೊತ್ತಿರಲಿಲ್ಲ. ಆದರೆ ಬಟ್ಟೆಯ ಮೇಲೆ ಹನ್ನೆರಡು ಎಂದಿತ್ತು, ಆಟೋದ ಮೈಕು ಆಗಲೇ ಕೂಗಲು ಶುರುಮಾಡಿತ್ತು.

ಅವನ ಐದು ವರ್ಷದ ಮಗ ಅಮರಗುಂಡ ಹೊಸ್ತಿಲ ಮೇಲೆ ನಿಂತು ಟ್ರ್ಯಾಕ್ಟರನ್ನೇ ನೋಡುತ್ತಿದ್ದ. ಹೆಂಡತಿ ಕಸ್ತೂರೆಮ್ಮ ನೀರಿಗೆ ಹೋಗಿದ್ದಳು. ಅವಳಿದ್ದಿದ್ದರೆ ಬಿಡುತ್ತಿರಲಿಲ್ಲ. ಕರಿಬಸಯ್ಯ ಮಗನನ್ನು ಎತ್ತಿ ಟ್ರಾಲಿಗೆ ಹಾಕಿದ.

"ನೋಡ್ರಿ, ಯಾರು ಏನು ಕೇಳಿದ್ರೂ ಯಾರೂ ಬಾಯಿ ಬಿಡಬಾರ್ದು," ಎಂದು ಎಲ್ಲರಿಗೂ ಹೇಳಿದ. ಮಗನಿಗೆ ಬೇರೆಯಾಗಿ ಹೇಳಿದ: "ಗುಂಡಾ, ಇವತ್ತ ನನ್ನ ಅಪ್ಪಾ ಅಂತ ಕರೀಬ್ಯಾಡ. ನಾ ಹೇಳೋತನ."

ಗುಂಡ ತಲೆಯಾಡಿಸಿದ. ಮಾತು ಕಡಿಮೆಯಾಗಿರುವುದು ಅವನಿಗೆ ರಕ್ತದಲ್ಲೇ ಬಂದಿತ್ತು.

ಜಾಥಾ ಹೊರಟಿತು. ಮುಂದಿನ ವಾಹನಗಳೆಲ್ಲ ಎಬ್ಬಿಸಿದ ಧೂಳು ಒಟ್ಟಾಗಿ ಹಿಂದಿನ ಟ್ರಾಲಿಯನ್ನು ತುಂಬಿತು. ಊರು ದಾಟಿ ಸ್ವಲ್ಪ ದೂರಕ್ಕೆ ಕರಿಬಸಯ್ಯ ಎರವಲು ತಂದಿದ್ದ ಲೂನಾ ಕೆಮ್ಮಿ ನಿಂತಿತು. ಅದನ್ನೂ ಟ್ರಾಲಿಗೆ ಎತ್ತಿಹಾಕಿ ಅವನೂ ಹತ್ತಿದ. ಗುಂಡ ಮೆಲ್ಲಗೆ ಸರಿದು ಬಂದು ಅವನ ತೊಡೆಗೆ ಆತುಕೊಂಡ.

"ಅಲ್ಲೇ ಕುಂದರು. ಮಂದಿ ನೋಡ್ತಾರ."

ಹುಡುಗ ಮತ್ತೆ ಸರಿದು ಲೂನಾದ ಚಕ್ರ ಹಿಡಿದು ಕುಳಿತ.

ಟ್ರಾಲಿ ಮಸ್ಕಿ ಮುಟ್ಟುವ ಹೊತ್ತಿಗೆ ಮುಂದಿನವರ ಉಪ್ಪಿಟ್ಟು ಮುಗಿದು, ಸಭೆ ಅರ್ಧವಾಗಿತ್ತು. ಪಾತ್ರೆಯ ತಳ ಕೆರೆಯುವ ಸದ್ದಿನ ನಡುವೆ ಪಂಪಣ್ಣ ಮೈಕು ಹಿಡಿದು ಗದ್ಗದನಾಗಿದ್ದ: "ಈ ಮಕ್ಕಳು ಬ್ಯಾರೆ ಅಲ್ರಿ. ಇವು ನನ್ನ ಮಕ್ಕಳ!" ಚಪ್ಪಾಳೆ ಬಿತ್ತು. ಆಮೇಲೆ ಮಾತಾಡಿದ ಬಟ್ಟೆ ವ್ಯಾಪಾರಿಯೂ ನನ್ನ ಮಕ್ಕಳೇ ಎಂದ. ಅದಕ್ಕೂ ಚಪ್ಪಾಳೆ ಬಿತ್ತು. ಮಸ್ಕಿ ಬಿಡುವಾಗ ಆ ಹನ್ನೆರಡು ಅನಾಥರಿಗೆ ಒಂಬತ್ತು ಮಂದಿ ತಂದೆಯರಾಗಿದ್ದರು. ಒಬ್ಬನೂ ಟ್ರಾಲಿಗೆ ಒಂದು ಕೊಡ ನೀರು ಕಳಿಸಲಿಲ್ಲ.

ಒಂದೇ ಒಂದು ಅಪಾಯ ಆಗುವುದಿತ್ತು. ಯಾರೋ ಮುದುಕಿ ಪಕೀರಮ್ಮನ ಎರಡನೆಯ ಮಗನ ಗಲ್ಲ ಸವರಿ, "ನಿಮ್ಮವ್ವ ಎಲ್ಲ್ಯದಾಳಪ್ಪ?" ಎಂದಳು. ಬೂಂದಿ ಬರಲಿಲ್ಲವೆಂಬ ಸಿಟ್ಟಿನಲ್ಲಿದ್ದ ಅವನು, "ಮನ್ಯಾಗ ಅಕ್ಕಿ ಆರಸಾಕತ್ಯಾಳ!" ಎಂದು ಒದರಿದ.

ಕರಿಬಸಯ್ಯ ಅವನ ಬಾಯಿ ಮುಚ್ಚಲು ನುಗ್ಗಿದ. ಪಂಪಣ್ಣ ಮೈಕಿನಲ್ಲೇ ನಿಟ್ಟುಸಿರುಬಿಟ್ಟ: "ನೋಡ್ರಿ, ಪಾಪ. ಸತ್ತ ತಾಯಿ ಇನ್ನೂ ಕಣ್ಣ ಮುಂದ ಅಕ್ಕಿ ಆರಸ್ತಾಳ."

ಮುದುಕಿ ಸೆರಗಿನ ಗಂಟು ಬಿಚ್ಚಿ ಇದ್ದದ್ದನ್ನೆಲ್ಲ ಡಬ್ಬಿಗೆ ಹಾಕಿದಳು. ನಿಜ ಹೇಳಿದರೂ ಇಲ್ಲಿ ಕೆಲಸ ಕೆಡುವುದಿಲ್ಲವೆಂದು ಕರಿಬಸಯ್ಯನಿಗೆ ಸಮಾಧಾನವಾಯಿತು. ಅದಕ್ಕೆ ಹೆದರಬೇಕಿತ್ತೆಂದು ಆಗ ಅವನಿಗೆ ಹೊಳೆಯಲಿಲ್ಲ.

ಲಿಂಗಸುಗೂರು ಮುಟ್ಟಿದಾಗ ಟ್ರಾಲಿಯ ಮಕ್ಕಳ ಕಣ್ಣೂ ಧೂಳಿಗೆ ಕೆಂಪಾಗಿ ನೀರು ಸುರಿಸುತ್ತಿದ್ದವು. ಮಂದಿ ಅದನ್ನು ಅಳು ಎಂದುಕೊಂಡರು. ಪಂಪಣ್ಣನಿಗೆ ಬಹಳ ಸಂತೋಷವಾಯಿತು.

ಅಲ್ಲಿನ ಎಣ್ಣೆ ಮಿಲ್ಲಿನ ಆದಪ್ಪ, ಅವನ ಹೆಂಡತಿ ಸಂಗಮ್ಮ ಸಭೆಯ ಮುಖ್ಯ ಅತಿಥಿಗಳು. ಅವರಿಗೆ ಮಕ್ಕಳಿರಲಿಲ್ಲ. ಸಂಗಮ್ಮ ಸಾಲಾಗಿ ನಿಂತ ಮಕ್ಕಳಿಗೆ ಬಿಸ್ಕತ್ತು ಹಂಚುತ್ತ ಬಂದು ಗುಂಡನ ಮುಂದೆ ನಿಂತಳು.

"ನಿನ್ನ ಹೆಸರೇನಪ್ಪ?"

ಗುಂಡ ಬಾಯಿ ಬಿಡಲಿಲ್ಲ.

"ಅಪ್ಪ ಎಲ್ಲ್ಯದಾನ?"

ಗುಂಡ ದೂರದಲ್ಲಿ ನಿಂತಿದ್ದ ಕರಿಬಸಯ್ಯನನ್ನು ನೋಡಿದ. ಕರಿಬಸಯ್ಯ ತುಟಿಯ ಮೇಲೆ ಬೆರಳಿಟ್ಟ. ಹುಡುಗ ಕಣ್ಣೊರೆಸಿಕೊಂಡು ನೆಲ ನೋಡಿದ.

ಸಂಗಮ್ಮನಿಗೆ ತಡೆಯಲಾಗಲಿಲ್ಲ. ಹುಡುಗನನ್ನು ಎತ್ತಿಕೊಂಡು ವೇದಿಕೆ ಹತ್ತಿದಳು. ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಆದಪ್ಪ ಎದ್ದು ಮೈಕು ಹಿಡಿದ.

"ಆಶ್ರಮದ ಛತ್ತು ಪೂರಾ ನಾ ಹಾಕಿಸಿಕೊಡ್ತೀನಿ. ದೇವ್ರು ನಮಗ ಕೊಡಲಿಲ್ಲ. ಈ ಕೂಸು ನಮ್ಮ ಮನಿಗಿರ್ಲಿ. ಕಮಿಟಿಯವ್ರು ಹೂಂ ಅನ್ನಬೇಕು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಂಪಣ್ಣನ ಮುಖ ಅರಳಿತು. ಅವನು ಕರಿಬಸಯ್ಯನ ಕಡೆ ನೋಡಿದ ನೋಟದಲ್ಲಿ ವಾರ್ಡನ್ ನೌಕರಿ, ಕೋಣೆ, ತಿಂಗಳ ಪಗಾರ ಎಲ್ಲ ಇದ್ದವು. ಆ ಕೂಸು ಯಾರದೆಂದು ಅವನು ಬೆಳಿಗ್ಗೆ ಕೇಳಿರಲಿಲ್ಲ, ಕರಿಬಸಯ್ಯ ಹೇಳಿಯೂ ಇರಲಿಲ್ಲ.

ಸಂಗಮ್ಮನ ಹೆಗಲ ಮೇಲೆ ಗುಂಡ ಬಿಸ್ಕತ್ತು ಹಿಡಿದು ಅಪ್ಪನನ್ನೇ ನೋಡುತ್ತಿದ್ದ. ಅಪ್ಪಾ ಎಂದು ಕರೆಯಲಿಲ್ಲ. ಕರೆಯಬೇಡವೆಂದು ಅಪ್ಪನೇ ಹೇಳಿದ್ದನಲ್ಲ.

ಹುಟ್ಟಿದಂದಿನಿಂದ ಸುಮ್ಮನಿದ್ದ ಕರಿಬಸಯ್ಯ ಓಡಿಹೋಗಿ ವೇದಿಕೆ ಹತ್ತಿ ಮೈಕು ಕಸಿದುಕೊಂಡ.

"ಇವ ನನ್ನ ಮಗ!"

ಅದಕ್ಕೆ ಬಿದ್ದ ಚಪ್ಪಾಳೆಯ ಮುಂದೆ ಇಡೀ ದಿನದ ಚಪ್ಪಾಳೆ ಏನೂ ಅಲ್ಲ.

"ಹಂಗಲ್ರಿ! ಖರೇನ ನನ್ನ ಮಗ! ನನ್ನ ಹೇಣ್ತಿ ಹಡದಾಳ!"

"ಎಂಥಾ ಮಾತು!" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. "ಎಲ್ಲಾರೂ ಬಾಯಿಲೆ ಅಂತಾರ. ಈತ ಹೊಟ್ಟ್ಯಾಗಿಂದ ಅಂದ."

ಪಂಪಣ್ಣ ಅಷ್ಟರಲ್ಲಿ ಮೈಕು ಬಿಡಿಸಿಕೊಂಡಿದ್ದ. "ಕೇಳಿದ್ರಿಲ್ಲ? ನೌಕರಿ ಇಲ್ಲ, ಹೊಲ ಇಲ್ಲ. ಆದ್ರೂ ನಮ್ಮ ಕರಿಬಸಯ್ಯನೋರು ಈ ಅನಾಥನ್ನ ಮಗ ಅಂತ ಸ್ವೀಕಾರ ಮಾಡ್ಯಾರ. ಒಮ್ಮೆ ಜೋರಾಗಿ ಚಪ್ಪಾಳಿ!"

ಆದಪ್ಪ ತನ್ನ ಕೊರಳ ಹಾರ ತೆಗೆದು ಕರಿಬಸಯ್ಯನಿಗೆ ಹಾಕಿದ. ಸಂಗಮ್ಮ ಅಳುತ್ತ ಗುಂಡನನ್ನು ಅವನ ಕೈಗೆ ಕೊಟ್ಟಳು. "ಚಲೋ ನೋಡ್ಕೊರ್ರಿ. ಹೊಟ್ಟ್ಯಾಗ ಹುಟ್ಟಿದ ಮಗನಂಗ ನೋಡ್ಕೊರ್ರಿ."

ಮಗ ಕೈಗೆ ಬಂದಿದ್ದ. ಕರಿಬಸಯ್ಯ ಮತ್ತೇನೂ ಹೇಳದೆ ವೇದಿಕೆ ಇಳಿದ.

ಮರಳಿ ಹೊರಡುವಾಗ ಪಂಪಣ್ಣ ಕಾರಿನ ಬಳಿ ಅವನನ್ನು ಕರೆದ. ಆದಪ್ಪನ ಜೊತೆ ಒಳಗೆ ಮಾತಾಡಿ ಬಂದಿದ್ದ.

"ಜಾಥಾ ಭಾಳ ಚೆಂದಾತು ಅಯ್ಯನೋರೆ. ಆದಪ್ಪ ಛತ್ತು ಹಾಕಿಸ್ತಾನ. ವಾರ್ಡನ್ ನೌಕರಿ ಮಾತ್ರ ಸಂಗಮ್ಮನ ತಮ್ಮಗ ಅಂತಾತು."

"ಅದು ನನಗ ಅಂದಿದ್ರೆಲ್ರಿ..."

"ಹಂಗ್ಯಾಕ ಮಾಡ್ತೀರಿ? ಕೂಸು ನೀವು ಇಟ್ಕೊಂಡ್ರಿ. ಅವ್ರಿಗೂ ಏನರ ಕೊಡಬೇಕಲ್ಲ? ನೌಕರಿ ಕೊಟ್ಟೆ."

"ಕೂಸು ನಂದ ರೀ!"

"ಇಲ್ಲಿ ಮೈಕು ಇಲ್ಲ, ಸಾಕು ಬಿಡ್ರಿ," ಎಂದು ಪಂಪಣ್ಣ ಅವನ ಬೆನ್ನು ತಟ್ಟಿ ಗಾಜು ಏರಿಸಿದ.

ಟ್ರಾಲಿ ಸಿಂಧನೂರು ಸೇರುವ ಮೊದಲೇ ಮೈಕಿನ ಆಟೋ ಊರು ಸೇರಿತ್ತು. ಅನಾಥ ಬಾಲಕನನ್ನು ದತ್ತು ಪಡೆದ ಕರಿಬಸಯ್ಯನವರಿಗೆ ಜಯವಾಗಲಿ ಎಂದು ಓಣಿ ಓಣಿಗೂ ಸಾರಿತ್ತು. ಅವನು ಗುಂಡನನ್ನು ಎತ್ತಿಕೊಂಡು ಮನೆ ಮುಟ್ಟಿದಾಗ ಬಾಗಿಲಲ್ಲಿ ಜನ ನೆರೆದಿದ್ದರು. ಯಾರೋ ತಮ್ಮ ಮಗನ ಹಳೆಯ ಅಂಗಿ ತಂದಿದ್ದರು, ಯಾರೋ ಒಂದು ಸೇರು ಜೋಳ ತಂದಿದ್ದರು. ನಡುವೆ ಕಸ್ತೂರೆಮ್ಮ ಖಾಲಿ ಕೊಡದಂತೆ ನಿಂತಿದ್ದಳು.

"ಇವ ನಮ್ಮ ಗುಂಡ ಅಲ್ಲೇನ್ರಿ ಯಕ್ಕಾ? ದಿನಾ ನೋಡ್ತೀರಲ್ಲ!" ಎಂದು ಅವಳು ಪಕೀರಮ್ಮನನ್ನು ಕೇಳುತ್ತಿದ್ದಳು.

"ನೋಡ್ತೀನವ್ವ, ಇಲ್ಲ ಅನ್ನಲ್ಲ. ಆದ್ರ ನಿನ್ನ ಬಾಣಂತನ ತವರು ಮನ್ಯಾಗ ಆತು. ನೀ ಬಸಿರಾಗಿ ಹೋದಿ, ಐದು ತಿಂಗಳಿಗೆ ಕೂಸು ಎತ್ತಿಕೊಂಡು ಬಂದಿ. ಅಲ್ಲೇನಾತೋ ನಾವೇನು ಕಂಡೀವಾ? ಮೈಕಿನ್ಯಾಗ ಸುಳ್ಳ ಹೇಳ್ತಾರೇನು?" ಪಕೀರಮ್ಮ ದನಿ ತಗ್ಗಿಸಿದಳು. "ಇರ್ಲಿ ಬಿಡ, ಪುಣ್ಯದ ಕೆಲಸ. ನನಗ ಮೊದ್ಲ ಅನುಮಾನ ಇತ್ತು. ಮೂಗು ನಿಮ್ಮಿಬ್ರದೂ ಅಲ್ಲ."

ಕಸ್ತೂರೆಮ್ಮ ಗಂಡನನ್ನು ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಗುಂಡ ಅಪ್ಪನ ಕಿವಿಯ ಹತ್ತಿರ ಬಾಯಿ ತಂದ. "ಈಗ ಮಾತಾಡ್ಲೇನು?"

"ಮಾತಾಡಪ್ಪ."

ಹುಡುಗ ಅಂಗಿ ಹಿಡಿದು ನಿಂತವರನ್ನು ನೋಡಿದ, ಅವ್ವನನ್ನು ನೋಡಿದ. ಇಡೀ ದಿನ ಬಾಯಲ್ಲಿ ಹಿಡಿದಿಟ್ಟಿದ್ದನ್ನು ಕೇಳಿದ: "ನಾ ಯಾರ ಮಗ?"

ಕರಿಬಸಯ್ಯ ಅವನನ್ನು ಇನ್ನಷ್ಟು ಬಿಗಿಯಾಗಿ ಎತ್ತಿಕೊಂಡ.

"ನೀ ನನ್ನ ಮಗ, ಗುಂಡಾ."

ಬಾಗಿಲಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.